ಇಪ್ಪತ್ಮೂರು ಗೆಂಡೆ ಮೀನುಗಳು

ನಮ್ಮೂರ ಕೊಳಕ್ಕೆ ಆ ರೋಗ ಯಾವಾಗ ಬಂತು, ಯಾರ ಕೈಯಿಂದ ಬಂತು ಎಂಬುದು ನನಗೆ ಗೊತ್ತಿತ್ತು. ಅದರಿಂದ ಬಲಿತ ಮೀನು ಸಾಯುವುದಿಲ್ಲ ಎಂಬುದೂ ಗೊತ್ತಿತ್ತು. ಆದರೂ ಒಂದೇ ಚಳಿಗಾಲದಲ್ಲಿ ಇಪ್ಪತ್ಮೂರು ಮೀನು ಸತ್ತವು. ರೋಗದಿಂದ ಸತ್ತಿದ್ದರೆ ನಾನು ಇಷ್ಟು ಹೊತ್ತಿಗೆ ಸುಮ್ಮನಾಗಿರುತ್ತಿದ್ದೆ.

ನಮ್ಮಲ್ಲಿ ಮಗು ಹುಟ್ಟಿದ ಹನ್ನೆರಡನೆಯ ದಿನ ಅದರ ಹೆಸರಿನಲ್ಲಿ ಕೊಳಕ್ಕೆ ಒಂದು ಗೆಂಡೆ ಮೀನಿನ ಮರಿ ಬಿಡುತ್ತಾರೆ. ಮಗುವಿಗೆ ಮಾತು ಬರುವ ಹೊತ್ತಿಗೆ ಮೀನಿಗೆ ಆ ದನಿ ಪರಿಚಯವಾಗಿರುತ್ತದೆ. ಮೆಟ್ಟಿಲ ಮೇಲೆ ನಿಂತು ಮಾತಾಡಿದರೆ ಸಾಕು, ನೂರಾರು ಮೀನುಗಳ ನಡುವಿನಿಂದ ಅದೊಂದೇ ಎದ್ದು ಬರುತ್ತದೆ. ಆ ಮೀನು ಕೊಳದಲ್ಲಿ ಬದುಕಿರುವ ತನಕ ಅವರ ಮಾತು ಚಾವಡಿಯ ಸಭೆಯಲ್ಲಿ ಕೇಳಿಸುತ್ತದೆ. ಮೀನು ಹೋದರೆ ಕೇಳಿಸುವುದಿಲ್ಲ. ಬಾಯಿ ಆಡುತ್ತದೆ, ಕತ್ತಿನ ನರ ಉಬ್ಬುತ್ತದೆ, ಸದ್ದು ಬರುವುದಿಲ್ಲ. ಚಾವಡಿಯ ಹೊಸಿಲು ದಾಟಿ ಹೊರಗೆ ಬಂದರೆ ಅದೇ ಬಾಯಲ್ಲಿ ಸಂತೆಯ ಚೌಕಾಶಿಯೂ ನಡೆಯುತ್ತದೆ, ಬೀದಿಜಗಳವೂ ನಡೆಯುತ್ತದೆ. ಹೊಸ ಮರಿ ಬಿಟ್ಟು ಅದು ದನಿ ಹಿಡಿಯಲು ಮೂರು ವರ್ಷ ಬೇಕು. ಅಲ್ಲಿಯವರೆಗೆ ಜನ ಹೆಂಡತಿಗೋ ತಮ್ಮನಿಗೋ ಮನೆಯಲ್ಲೇ ಪಾಠ ಹೇಳಿಕೊಟ್ಟು ಸಭೆಗೆ ಕಳಿಸುತ್ತಾರೆ. ಅವರು ಅಲ್ಲಿ ಹೋಗಿ ಅರ್ಧ ಮರೆಯುತ್ತಾರೆ. ಅದಕ್ಕೆಲ್ಲ ನಾವು ಹೊಂದಿಕೊಂಡಿದ್ದೇವೆ.

ಕೊಳ ಕಾಯುವವಳು ನಾನು, ಹೊಳೆವ್ವ. ಇಪ್ಪತ್ತೆರಡು ವರ್ಷವಾಯಿತು. ಕಾಯುವವರಿಗೆ ಸ್ವಂತ ಮೀನು ಇರಕೂಡದು, ಇದ್ದರೆ ಅದಕ್ಕೇ ಹೆಚ್ಚು ಮೇವು ಹಾಕಿಯಾರು ಎಂದು ಹಿರಿಯರು ಮಾಡಿದ ಕಟ್ಟಳೆ. ಕೆಲಸಕ್ಕೆ ಸೇರಿದ ದಿನವೇ ನನ್ನ ಮೀನನ್ನು ಹಿಡಿದು ಹಳ್ಳಕ್ಕೆ ಬಿಟ್ಟರು. ಹಾಗಾಗಿ ಮೀನಿನ ವಿಷಯ ಊರಲ್ಲಿ ಎಲ್ಲರಿಗಿಂತ ಹೆಚ್ಚು ತಿಳಿದವಳ ಮಾತು ಮೀನಿನ ವಿಷಯಕ್ಕೆ ಕೂಡುವ ಸಭೆಯಲ್ಲಿ ಕೇಳಿಸುವುದಿಲ್ಲ. ಇದರಲ್ಲಿ ಏನಾದರೂ ತಪ್ಪಿದೆಯೆಂದು ಇಷ್ಟು ವರ್ಷ ಯಾರಿಗೂ ಅನ್ನಿಸಿರಲಿಲ್ಲ. ನನಗೂ ಅನ್ನಿಸಿರಲಿಲ್ಲ, ಆ ಸಿಟ್ಟು ನನ್ನ ಮೇಲೂ ಇದೆ.

ಆಶ್ವೀಜದಲ್ಲಿ ನಮ್ಮ ಅಧ್ಯಕ್ಷರು, ರಾಚಪ್ಪನವರು, ಮಗಳ ಮದುವೆ ಮಾಡಿದರು. ಬೀಗರ ಕಣ್ಣಿಗೆ ಕೊಳ ಚೆಂದ ಕಾಣಬೇಕೆಂದು ಎಲ್ಲಿಂದಲೋ ಹನ್ನೆರಡು ಬಣ್ಣದ ಗೆಂಡೆ ತರಿಸಿದರು. ಕೆಂಪು, ಬಿಳುಪು, ಹಳದಿ. ಪ್ಲಾಸ್ಟಿಕ್ ಚೀಲದಲ್ಲಿ ಬಂದ ಅವುಗಳನ್ನು ನಾನು ಬೆಳಕಿಗೆ ಹಿಡಿದು ನೋಡಿದೆ. ಒಂದರ ಬಾಲದ ಅಂಚಿನಲ್ಲಿ ಮೇಣದ ಹನಿಯಂಥದೊಂದು ಇತ್ತು.

"ಸಾವ್ಕಾರ್ರ, ಇವನ್ನ ಒಂದ್ ತಿಂಗಳು ಬ್ಯಾರೆ ತೊಟ್ಟಿಯೊಳಗ ಇಡೂಣ್ರಿ. ಏನರ ಇದ್ರ ಅಷ್ಟರಾಗ ತಿಳೀತೈತಿ" ಎಂದೆ.

"ಶುಕ್ರವಾರ ಮದವಿ ಐತಿ ಹೊಳೆವ್ವ. ಬೀಗರನ್ನ ತೊಟ್ಟಿ ನೋಡಾಕ ಕರೀಲೇನು?" ಎಂದು ನಕ್ಕು, ಚೀಲದ ಬಾಯಿ ತಾವೇ ಬಿಚ್ಚಿ ಸುರಿದರು. ತಮ್ಮ ಬಣ್ಣದ ಮೀನುಗಳಿಗೆ ಜಾಗ ಬೇಕೆಂದು ಕೊಳದ ನಡುವೆ ದಡದಿಂದ ದಡಕ್ಕೆ ಬಲೆ ಕಟ್ಟಿಸಿದರು. ಪಡುವಲ ಅರ್ಧದಲ್ಲಿ ಆ ಹನ್ನೆರಡು, ಜೊತೆಗೆ ರಾಚಪ್ಪನವರ ಮನೆತನದ ಏಳೆಂಟು ಮೀನು. ಮೂಡಲ ಅರ್ಧದಲ್ಲಿ ಇಡೀ ಊರಿನ ಮೀನು. ಮೈಗೆ ಮೈ ತಿಕ್ಕುವಷ್ಟು ಇಕ್ಕಟ್ಟು. ಮೀನಿಗೆ ಬಲೆ ಅಡ್ಡವಾಗುತ್ತದೆ, ನೀರಿಗೆ ಆಗುವುದಿಲ್ಲ. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಪಂಚಾಯಿತಿ ಕಾರಕೂನ ಭೀಮರಾಯನಿಗೆ ಕೊಟ್ಟೆ. "ಮದವಿ ಮುಗೀಲಿ, ಆಮ್ಯಾಲೆ ನೋಡೂಣ" ಎಂದು ಅವನು ಅದನ್ನು ಮೇಜಿನ ಡ್ರಾಯರಿಗೆ ಹಾಕಿದ. ನಾನು ಮತ್ತೆ ಕೇಳಲಿಲ್ಲ.

ಚಳಿ ಬಿದ್ದ ಮೇಲೆ, ಮಾರ್ಗಶಿರದ ಮೊದಲ ವಾರ, ಮಾಬೂಬಿ ಬಂದಳು. ಮೂಡಲ ಮೆಟ್ಟಿಲ ಪಕ್ಕದ ಓಣಿಯಲ್ಲಿ ಹಳೆ ಬಟ್ಟೆಯ ತುಂಡು ಸೇರಿಸಿ ಕೌದಿ ಹೊಲಿಯುವ ಹೆಂಗಸು. ನಲವತ್ತು ವರ್ಷ ಇರಬಹುದು. ಸಭೆಯಲ್ಲಿ ಎದ್ದು ನಿಂತರೆ ಅಧ್ಯಕ್ಷರೂ ಕಾಲ ಮೇಲಿನ ಕಾಲು ಇಳಿಸುತ್ತಿದ್ದರು, ಅಂಥ ಮಾತುಗಾರ್ತಿ.

"ಅಕ್ಕಾ, ನನ್ನ ಮೀನಿನ ಮ್ಯಾಲೆ ಏನೋ ಆಗೇತಿ. ನೋಡು ಬಾ."

ಅವಳು ಕರೆದಳು, ಮೀನು ಬಂತು. ಬೆನ್ನಿನ ರೆಕ್ಕೆಯ ಮೇಲೆ ಎರಡು, ಕಿವಿರಿನ ಹಿಂದೆ ಒಂದು. ಉರಿಯುವ ಮೇಣದಬತ್ತಿ ಬಾಗಿಸಿ ಹನಿ ಬೀಳಿಸಿದರೆ ಹೇಗೆ ಹೆಪ್ಪುಗಟ್ಟುತ್ತದೋ ಹಾಗೆ. ಹಾಲಿನ ಬಿಳುಪು, ಅಂಚಿನಲ್ಲಿ ಸ್ವಲ್ಪ ಗುಲಾಬಿ. ಬೆರಳಿಟ್ಟೆ. ನುಣುಪಾಗಿತ್ತು, ಗಟ್ಟಿಯಾಗಿತ್ತು, ಅಲುಗಲಿಲ್ಲ. ಬೂಷ್ಟಾಗಿದ್ದರೆ ನೀರಲ್ಲಿ ಹತ್ತಿಯ ಹಾಗೆ ಎಳೆ ಬಿಡುತ್ತಿತ್ತು. ಉಪ್ಪಿನ ಹರಳಿನಂಥ ಸಣ್ಣ ಚುಕ್ಕೆಯ ರೋಗ ಬೇರೆ, ಅದು ಮೈತುಂಬ ಉದುರಿಸಿದಂತೆ ಇರುತ್ತದೆ, ಮೀನು ಕಲ್ಲಿಗೆ ಮೈ ಉಜ್ಜುತ್ತದೆ. ಇದು ಉಜ್ಜುತ್ತಿರಲಿಲ್ಲ. ಕೈಯಲ್ಲಿದ್ದ ಹಿಟ್ಟಿನ ಉಂಡೆ ಹಾಕಿದೆ, ಗಬಕ್ಕನೆ ತಿಂದಿತು.

ಹನ್ನೊಂದು ವರ್ಷದ ಹಿಂದೆ ಒಂದೇ ಒಂದು ಮೀನಿಗೆ ಇದು ಬಂದಿತ್ತು. ಆಗ ಅದನ್ನು ಮುಚ್ಚಳದ ಬಕೆಟ್ಟಿನಲ್ಲಿಟ್ಟುಕೊಂಡು ಅರ್ಧ ದಿನ ಬಸ್ಸಿನಲ್ಲಿ ಕೂತು ಮೀನುಗಾರಿಕೆ ಕಾಲೇಜಿಗೆ ಹೋಗಿದ್ದೆ. ಅಲ್ಲಿಯ ಡಾಕ್ಟರಮ್ಮ ಬಕೆಟ್ ಪಕ್ಕ ನೆಲದ ಮೇಲೆ ಕೂತು ನೋಡಿದರು. "ಇದು ವೈರಸ್ ಅಮ್ಮ. ಔಷಧಿ ಇಲ್ಲ, ಬೇಕಾಗೂ ಇಲ್ಲ. ಚಳಿಗಾಲದಲ್ಲಿ ಬರುತ್ತೆ, ನೀರು ಬೆಚ್ಚಗಾದ ಮೇಲೆ ತಾನೇ ಉದುರುತ್ತೆ. ಮರಿಗಳನ್ನ ಮಾತ್ರ ದೂರ ಇಡಿ, ಅವು ತಡೆಯಲ್ಲ. ಮೀನು ಇಕ್ಕಟ್ಟಾಗದ ಹಾಗೆ ನೋಡ್ಕೊಳ್ಳಿ, ನೀರು ಚೊಕ್ಕ ಇರಲಿ, ಹೊಟ್ಟೆ ತುಂಬ ಮೇವು ಹಾಕಿ. ಏನೇ ಆದರೂ ಕೆರೆಯೋಕೆ ಹೋಗಬೇಡಿ" ಎಂದರು. ಮನುಷ್ಯರಿಗೆ ಹತ್ತುತ್ತದೆಯೇ ಎಂದು ಕೇಳಿದೆ. ಇಲ್ಲ ಎಂದರು. ಒಮ್ಮೆ ಬಂದ ಮೀನಿನ ಮೈಯಲ್ಲಿ ಅದು ಉಳಿದೇ ಇರುತ್ತದೆ, ಮುಂದಿನ ಚಳಿಗೆ ಮತ್ತೆ ಕಾಣಿಸಬಹುದು ಎಂದೂ ಹೇಳಿದರು.

ಇದನ್ನೇ ಮಾಬೂಬಿಗೆ ಹೇಳಿದೆ. ಅವಳು ನಂಬಿದಳು. ಊರು ನಂಬಲಿಲ್ಲ.

ಎರಡು ವಾರದಲ್ಲಿ ಎಪ್ಪತ್ತು ಮೀನುಗಳ ಮೇಲೆ ಹನಿ ಎದ್ದಿತು. ಹೆಚ್ಚಿನವು ಮೂಡಲ ಓಣಿಯವರವು, ಏಕೆಂದರೆ ಅವರ ಮೆಟ್ಟಿಲ ಹತ್ತಿರವೇ ಇಕ್ಕಟ್ಟು ಹೆಚ್ಚು. ಇಷ್ಟು ಸರಳವಾದ ಕಾರಣವನ್ನು ಬಿಟ್ಟು ಜನ ಬೇರೆಯದೇ ಹುಡುಕಿದರು. ಸಭೆಯಲ್ಲಿ ಸುಳ್ಳು ಹೇಳಿದವರ ಮೀನಿಗೆ ಮಾತ್ರ ಹನಿ ಬೀಳುತ್ತದಂತೆ. ಈ ಮಾತನ್ನು ಮೊದಲು ಯಾರು ಆಡಿದರೋ ನಾನು ಕಂಡಿಲ್ಲ. ಅದನ್ನು ಕಟ್ಟೆಯ ಮೇಲೆ ಕೂತು ನಾಲ್ಕು ಜನರ ಮುಂದೆ ಮತ್ತೆ ಆಡಿದವರು ರಾಚಪ್ಪನವರು, ಅದನ್ನು ನನ್ನ ಕಿವಿಯಿಂದಲೇ ಕೇಳಿದೆ. ಮರುದಿನದಿಂದ ಗಂಡಿನ ಕಡೆಯವರು ಹುಡುಗಿಯ ಮನೆಗೆ ಹೋಗುವ ಮೊದಲು ಕೊಳಕ್ಕೆ ಬಂದು ಅವಳ ಮೀನು ತೋರಿಸು ಎನ್ನತೊಡಗಿದರು. ಅಂಗಡಿಯವರು ಹನಿ ಬಿದ್ದವರ ಕೈಯಿಂದ ಚಿಲ್ಲರೆ ಮುಟ್ಟದೆ ತಟ್ಟೆಯಲ್ಲಿ ಇಡಿಸಿಕೊಂಡರು. ಬೆಳಗಾದರೆ ಮೆಟ್ಟಿಲ ತುಂಬ ಜನ. ಒಬ್ಬರು ಮೀನಿಗೆ ಅರಿಶಿನ ಬಳಿಯುತ್ತಾರೆ, ಒಬ್ಬರು ಸುಣ್ಣ ಹಚ್ಚುತ್ತಾರೆ, ಮತ್ತೊಬ್ಬರು ಸೀಮೆಎಣ್ಣೆ. ಓಡಾಡಿ ಕೈ ತಡೆದು, ಕೂಗಿ ಕೂಗಿ ನನ್ನ ಗಂಟಲು ಬಿದ್ದುಹೋಯಿತು.

ಶಿವಪುತ್ರ ಮಾಸ್ತರರನ್ನು ಮಾತ್ರ ತಡೆಯಲಾಗಲಿಲ್ಲ. ಹೈಸ್ಕೂಲಿನಲ್ಲಿ ಗಣಿತ ಹೇಳುವವರು, ಎರಡು ಡಿಗ್ರಿ ಓದಿದವರು. ನಾನು ಮೇವು ತರಲು ಹೋದಾಗ ಬಂದು, ಬ್ಲೇಡಿನಿಂದ ತಮ್ಮ ಮೀನಿನ ಹನಿಗಳನ್ನು ಹೆರೆದಿದ್ದರು. ತಿರುಗಿ ಬಂದಾಗ ಅವರು ಮೆಟ್ಟಿಲ ಮೇಲೆ ಕೂತಿದ್ದರು, ಅಂಗಿಯ ತೋಳು ಒದ್ದೆ.

"ಎಲ್ಲಾ ತಗದೆ ಹೊಳೆವ್ವ. ನೋಡ್ರಿ, ಈಗ ಸ್ವಚ್ಛ ಆಗೇತಿ" ಎಂದರು.

ಮೀನಿನ ಪಕ್ಕೆಯಲ್ಲಿ ಮೂರು ಕಡೆ ಹಸಿ ಮಾಂಸ ಕಾಣುತ್ತಿತ್ತು. ಮೂರನೆಯ ದಿನ ಆ ಗಾಯಕ್ಕೆ ಬೂಷ್ಟು ಹಿಡಿಯಿತು. ಉಪ್ಪುನೀರಿನ ತೊಟ್ಟಿಯಲ್ಲಿಟ್ಟು ನೋಡಿದೆ, ಉಳಿಯಲಿಲ್ಲ. ಮಾಸ್ತರರು ಅದನ್ನು ಪಂಚೆಯ ಸೆರಗಿನಲ್ಲಿ ಸುತ್ತಿಕೊಂಡು ಹೋದರು. "ಅದು ಸಾಯೂದಿಲ್ಲಂತ ನೀವು ಹೇಳಿದ್ರಿ. ನನಗ ಜನರ ಬಾಯಿ ತಡೀಲಾಕ ಆಗಲಿಲ್ಲ" ಎಂದರು ಹೋಗುವಾಗ.

ಪುಷ್ಯದಲ್ಲಿ ದೊಡ್ಡ ಸಭೆ ಇತ್ತು. ಮೂಡಲ ಮೆಟ್ಟಿಲನ್ನು ಮುಚ್ಚಿ ಅಲ್ಲಿ ಅತಿಥಿಗೃಹ ಕಟ್ಟಿಸಬೇಕೆಂಬುದು ರಾಚಪ್ಪನವರ ಆಸೆ. ಮೂಡಲ ಓಣಿಯ ಹೆಂಗಸರು ಬಟ್ಟೆ ಒಗೆಯುವುದು, ನೀರು ಹಿಡಿಯುವುದು, ಮಕ್ಕಳಿಗೆ ಈಜು ಕಲಿಸುವುದು ಎಲ್ಲ ಅಲ್ಲಿ. ಬೇಡವೆಂದು ಮಾಬೂಬಿ ಮಾತಾಡುವವಳಿದ್ದಳು, ಓಣಿಯವರೆಲ್ಲ ಅವಳ ಹಿಂದೆ ನಿಲ್ಲುವವರಿದ್ದರು. ಸಭೆ ಸೋಮವಾರ. ಅದರ ಹಿಂದಿನ ಗುರುವಾರ ಬೆಳಿಗ್ಗೆ ಹನಿ ಬಿದ್ದ ಮೀನುಗಳನ್ನೆಲ್ಲ ಹಿಡಿದು ಕೊಲ್ಲಬೇಕೆಂದು ಅಧ್ಯಕ್ಷರ ಆಜ್ಞೆ ಬಂತು. ಊರಿನ ಆರೋಗ್ಯಕ್ಕಾಗಿ ಎಂದು ಅದರಲ್ಲಿ ಬರೆದಿತ್ತು. ಪಡುವಲ ಅರ್ಧದ ಹೆಸರು ಅದರಲ್ಲಿರಲಿಲ್ಲ. ಬಣ್ಣದ ಮೀನುಗಳಂತೂ ಯಾರ ಹೆಸರಿನವೂ ಅಲ್ಲವಾದ್ದರಿಂದ ಲೆಕ್ಕಕ್ಕೇ ಬರಲಿಲ್ಲ.

ನಾನು ಅಧ್ಯಕ್ಷರ ಮನೆಗೆ ಹೋದೆ. ಡಾಕ್ಟರಮ್ಮ ಹೇಳಿದ್ದನ್ನು ಒಂದೊಂದಾಗಿ ಹೇಳಿದೆ.

"ನೀ ಹೇಳೂದು ಖರೇ ಇರಬಹುದು" ಎಂದರು ರಾಚಪ್ಪನವರು, ಚಹಾ ಬಸಿಗೆ ಹೊಯ್ದುಕೊಳ್ಳುತ್ತ. "ಆದ್ರ ಮಂದಿ ಅಂಜ್ಯಾರ. ಅಂಜಿದ ಮಂದಿಗೆ ಏನರ ಮಾಡಿ ತೋರಸಬೇಕಾಗ್ತೈತಿ."

"ಸೋಮವಾರ ಮುಗದ ಮ್ಯಾಲೆ ತೋರಸ್ರಿ."

ಬಸಿ ಬಾಯ ತನಕ ಹೋಗಿ ನಿಂತಿತು. "ಮೀನು ಹಿಡಿಯಾಕ ಆಗೂದಿಲ್ಲಂದ್ರ ಹೇಳು, ಬ್ಯಾರೆಯವರು ಅದಾರ" ಎಂದರು.

ಆಗುವುದಿಲ್ಲ ಎಂದು ಹೇಳಿ ಬಂದೆ.

ಗುರುವಾರ ಬಿಸಿಲೇರುವ ಹೊತ್ತಿಗೆ ನಾಲ್ಕು ಜನ ಆಳುಗಳು ಬಲೆ, ಬಡಿಗೆ ಹಿಡಿದು ಬಂದರು. ನೂರಾರು ಮೀನುಗಳ ನಡುವೆ ಬೇಕಾದದ್ದನ್ನೇ ಹಿಡಿಯುವುದು ಸುಲಭವಲ್ಲ. ಅದಕ್ಕೂ ಅವರು ಉಪಾಯ ಮಾಡಿದ್ದರು. ಭೀಮರಾಯ ಪಟ್ಟಿ ಹಿಡಿದು ಒಬ್ಬೊಬ್ಬರ ಹೆಸರು ಕೂಗಿದ. ಹೆಸರಿನವರು ಮೆಟ್ಟಿಲ ಮೇಲೆ ಬಂದು ತಮ್ಮ ಮೀನನ್ನು ತಾವೇ ಕರೆಯಬೇಕು. ಕರೆಯದಿದ್ದರೆ ಮನೆಯ ನಲ್ಲಿ ಬಂದ್.

ಕರೆದರು. ಏನೆಂದು ಹೇಳಲಿ? ಮುದುಕರು ಕರೆದರು, ಬಾಣಂತಿಯೊಬ್ಬಳು ತಲೆಗೆ ಬಟ್ಟೆ ಕಟ್ಟಿಕೊಂಡು ಬಂದು ಕರೆದಳು. ತಮ್ಮವರ ದನಿ ಕೇಳಿದ ಮೀನುಗಳು ಮೇವು ಸಿಕ್ಕೀತೆಂದು ಬಾಯಿ ತೆರೆದು ಬಂದವು. ಬಲೆ ಬಿತ್ತು, ಬಡಿಗೆ ಬಿತ್ತು. ಒಂದು, ಎರಡು, ಹತ್ತು, ಇಪ್ಪತ್ತೊಂದು. ನಾನು ಆಳುಗಳ ಕೈ ಹಿಡಿದೆ, ನನ್ನನ್ನು ಎಳೆದು ಮೇಲಿನ ಮೆಟ್ಟಿಲ ಮೇಲೆ ಕೂರಿಸಿದರು.

ಮಾಬೂಬಿಯ ಹೆಸರು ಬಂತು. ಅವಳು ನೀರಿನ ಹತ್ತಿರ ಹೋಗಲಿಲ್ಲ. ನೇರ ಅಧ್ಯಕ್ಷರ ಮುಂದೆ ನಿಂತಳು.

"ನಲ್ಲಿ ಬಂದ್ ಮಾಡ್ರಿ. ನಾ ಕರಿಯಾಕಿ ಅಲ್ಲ. ಮದವಿಗೆ ತಂದ ಮೀನಿನಿಂದ ಬಂದ ಬ್ಯಾನಿ ಇದು. ಅವನ್ನ ಬಿಟ್ಟು ನಮ್ಮ ಮೀನು ಯಾಕ ಕೊಲ್ತೀರಿ? ಸೋಮವಾರ ನಾವು ಮಾತಾಡಬಾರದು ಅಂತಲ್ಲ?"

ಅವಳ ಮಾತು ಮುಗಿದಿರಲಿಲ್ಲ. ಕೆಳಗೆ ನೀರು ಕದಲಿತು. ಅವಳ ದನಿ ಕೇಳಿ ಮೀನು ಬಂದಿತ್ತು. ಕೊನೆಯ ಮೆಟ್ಟಿಲಿಗೆ ಮೂತಿ ಹಚ್ಚಿ, ಬೆನ್ನಿನ ಹನಿಗಳು ಬಿಸಿಲಿಗೆ ಮಿಂಚುತ್ತ, ಅವಳು ಎಲ್ಲಿ ಎಂದು ಹುಡುಕುವಂತೆ ಅತ್ತಿತ್ತ ಆಡುತ್ತಿತ್ತು. ಮಾಬೂಬಿ ತಿರುಗಿ ನೋಡಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅಷ್ಟರಲ್ಲಿ ಬಲೆ ಬಿದ್ದಿತ್ತು.

ಆಮೇಲೆ ಯಾರೂ ಮಾತಾಡಲಿಲ್ಲ. ಭೀಮರಾಯ ಮುಂದಿನ ಹೆಸರು ಕೂಗಿದ. ಆ ಹೆಸರಿನವನು ತುಟಿ ಬಿಗಿಹಿಡಿದು ನಿಂತ. ಇನ್ನೊಂದು ಹೆಸರು. ಇನ್ನೊಬ್ಬಳು ಸೆರಗನ್ನು ಬಾಯಿಗೆ ತುರುಕಿಕೊಂಡಳು. ತಾಯಂದಿರು ಮಕ್ಕಳ ಬಾಯಿಗೆ ಕೈ ಅಡ್ಡ ಹಿಡಿದರು. ಮುನ್ನೂರು ಜನ ಇದ್ದ ಮೆಟ್ಟಿಲ ಮೇಲೆ ಕೆಮ್ಮು ಕೂಡ ಕೇಳಿಸಲಿಲ್ಲ. ಮಾತಾಡಿದರೆ ಮೀನು ಬರುತ್ತದೆಂದು ಎಲ್ಲರಿಗೂ ತಿಳಿದಿತ್ತು.

ನನ್ನ ದನಿಗೆ ಬರುವ ಮೀನು ಆ ಕೊಳದಲ್ಲಿ ಇರಲಿಲ್ಲ. ಎದ್ದು ನಿಂತೆ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಇಡೀ ಊರಿನ ಮುಂದೆ ಮಾತಾಡಿದೆ.

"ಇದು ಪಾಪದ ಗುರುತಲ್ಲ, ಜಡ್ಡು. ಚಳಿಗೆ ಬಂದೇತಿ, ಬ್ಯಾಸಗಿಗೆ ಹೋಗ್ತೈತಿ. ಸತ್ತ ಇಪ್ಪತ್ತೆರಡರಾಗ ಒಂದಾದ್ರೂ ಮೇವು ಬಿಟ್ಟಿತ್ತೇನು? ಈಸೂದು ಬಿಟ್ಟಿತ್ತೇನು? ಕರದ್ರ ಬಂದಾವ, ಬಂದು ಸತ್ತಾವ. ಬಲಿ ಕಟ್ಟಿ ಇಕ್ಕಟ್ಟು ಮಾಡಿದವರು ಯಾರು? ಬ್ಯಾರೆ ಇಡ್ರಿ ಅಂದಾಗ ನಕ್ಕವರು ಯಾರು? ನಾ ಬರದು ಕೊಟ್ಟೀನಿ, ಭೀಮರಾಯರ ಡ್ರಾಯರದಾಗ ಐತಿ. ಅವತ್ತ ಒದರಬೇಕಿತ್ತು ನಾನು, ಒದರಲಿಲ್ಲ, ಅದು ನನ್ನ ತಪ್ಪು. ಇವತ್ತಿಂದು ನನ್ನ ತಪ್ಪಲ್ಲ."

ರಾಚಪ್ಪನವರ ಮುಖ ಕೆಂಪಾಯಿತು. "ಕೊಳ ಕಾಯಾಕಿ ಕೊಳ ಕಾಯಬೇಕು" ಎಂದು ಅಬ್ಬರಿಸಿದರು. "ಯಾರು ಏನು ಮಾಡಬೇಕಂತ ಹೇಳಾಕ ನಾ ಅದೀನಿ. ಈ ಊರಾಗ ಇನ್ನೂ ನನ್ನ ಮಾತು ನಡೀತೈತಿ."

ಬಲೆಯ ಆಚೆ, ಪಡುವಲ ನೀರಿನಿಂದ, ಒಂದು ದೊಡ್ಡ ಗೆಂಡೆ ಎದ್ದು ಬಂತು. ಐವತ್ತು ವರ್ಷದ ಮೀನು, ಊರಿಗೆಲ್ಲ ಗೊತ್ತಿದ್ದದ್ದು. ಬಲೆಗೆ ಮೂತಿ ಒತ್ತಿ ನಿಂತಿತು. ತಲೆಯಿಂದ ಬಾಲದವರೆಗೆ ಹನಿಯೋ ಹನಿ, ಒಂದು ಇಡೀ ಮೇಣದಬತ್ತಿಯನ್ನೇ ಅದರ ಮೇಲೆ ಕರಗಿಸಿದಂತೆ. ಬಣ್ಣದ ಮೀನುಗಳ ಜೊತೆ ಮೂರು ತಿಂಗಳಿದ್ದದ್ದು ಇನ್ನು ಹೇಗಿರುತ್ತದೆ?

ಯಾರೂ ನಗಲಿಲ್ಲ. ಆಳುಗಳಲ್ಲಿ ಒಬ್ಬ ಬಡಿಗೆ ಎತ್ತಿಕೊಂಡು, ನಿಜವಾಗಿಯೂ ತಿಳಿಯದೆ, ಮೆಲ್ಲಗೆ ಕೇಳಿದ: "ಸಾವ್ಕಾರ್ರ, ಇದನ್ನೂ ಹಿಡೀಲೇನ್ರಿ?"

ರಾಚಪ್ಪನವರು ಬಾಯಿ ತೆರೆದರು, ಮೀನು ಮತ್ತಷ್ಟು ಮುಂದೊತ್ತಿತು. ಬಾಯಿ ಮುಚ್ಚಿದರು. ಕೈಯಲ್ಲೇ ಸಾಕು ಎಂಬಂತೆ ಸನ್ನೆ ಮಾಡಿ, ಮೆಟ್ಟಿಲು ಹತ್ತಿ ಹೋದರು.

ಸೋಮವಾರದ ಸಭೆಗೆ ಮಾಬೂಬಿ ಹೋದಳು. ಎದ್ದು ನಿಂತಳು, ಬಾಯಿ ಆಡಿತು, ಸದ್ದು ಬರಲಿಲ್ಲ. ಬರುವುದಿಲ್ಲವೆಂದು ಅವಳಿಗೆ ತಿಳಿದಿತ್ತು, ಆದರೂ ಒಮ್ಮೆ ನೋಡಿದಳು. ಆಮೇಲೆ ಹೊಸಿಲು ದಾಟಿ ಹೊರಗೆ ಹೋಗಿ, ಚಾವಡಿಯ ಕಿಟಕಿಯ ಬಳಿ ಅಂಗಳದಲ್ಲಿ ನಿಂತು ಮಾತು ಶುರು ಮಾಡಿದಳು. ಹೊರಗಿನ ಮಾತು ಒಳಗೆ ಸ್ಪಷ್ಟವಾಗಿ ಕೇಳಿಸಿತು. ಇಷ್ಟು ತಲೆಮಾರಿನಲ್ಲಿ ಯಾರಿಗೂ ಇದು ಹೊಳೆದಿರಲಿಲ್ಲ. ಕಿಟಕಿ ಹಾಕಿ ಎಂದು ಯಾರೋ ಅಂದರು. ಶಿವಪುತ್ರ ಮಾಸ್ತರರು ಎದ್ದು ಹೋಗಿ ಕಿಟಕಿಯ ಕದಕ್ಕೆ ಬೆನ್ನು ಕೊಟ್ಟು ನಿಂತರು. ಅವಳು ಮುಗಿಸುವ ತನಕ ಹಾಗೇ ನಿಂತಿದ್ದರು. ಒಳಗಿದ್ದವರು ಒಬ್ಬೊಬ್ಬರಾಗಿ ಎದ್ದು, ಅವಳ ಮುಖ ಕಾಣಲೆಂದು ಅಂಗಳಕ್ಕೆ ಹೋದರು.

ಬಲೆ ಬಿಚ್ಚಬೇಕೆಂದು ಅಂಗಳದಲ್ಲೇ ತೀರ್ಮಾನವಾಯಿತು. ಬಣ್ಣದ ಮೀನುಗಳನ್ನು ಬೇರೆ ತೊಟ್ಟಿಗೆ ಹಾಕಬೇಕು, ಹೊಸ ಮೀನು ಯಾವುದೇ ಬರಲಿ, ಮೊದಲು ತಿಂಗಳೊಪ್ಪತ್ತು ಅದೂ ತೊಟ್ಟಿಯಲ್ಲಿರಬೇಕು ಎಂದಾಯಿತು. ಅತಿಥಿಗೃಹದ ವಿಷಯ ಮುಂದಿನ ವರ್ಷಕ್ಕೆ ಹೋಯಿತು. ಬಿಟ್ಟೆವು ಎಂದು ಯಾರೂ ಹೇಳಲಿಲ್ಲ. ಸತ್ತ ಮೀನುಗಳ ಬಗ್ಗೆ ತಪ್ಪಾಯಿತು ಎಂದೂ ಯಾರೂ ಹೇಳಲಿಲ್ಲ.

ಬಲೆ ಬಿಚ್ಚಿದ ದಿನ ಮೀನುಗಳು ಸ್ವಲ್ಪ ಹೊತ್ತು ಇಕ್ಕಟ್ಟಿನಲ್ಲೇ ನಿಂತಿದ್ದು ಆಮೇಲೆ ಹರಡಿಕೊಂಡವು. ಕಾಲುವೆಯಿಂದ ಹೊಸ ನೀರು ಬಿಡಿಸಿದೆ, ತಳದ ಕೊಳೆ ತೆಗೆಸಿದೆ, ದಿನಕ್ಕೆ ಎರಡು ಹೊತ್ತು ಹಿಂಡಿ, ತೌಡು ಕಲಸಿ ಹಾಕಿದೆ. ಬೇರೇನೂ ಮಾಡಲಿಲ್ಲ. ಶಿವರಾತ್ರಿ ಕಳೆದು ನೀರು ಬೆಚ್ಚಗಾಗುತ್ತ ಬಂದಂತೆ ಹನಿಗಳು ತೆಳುವಾದವು. ಯುಗಾದಿಯ ಹೊತ್ತಿಗೆ ಹುಡುಕಿದರೂ ಸಿಗಲಿಲ್ಲ. ರಾಚಪ್ಪನವರ ಮೀನೂ ನುಣ್ಣಗಾಯಿತು. ಅದಕ್ಕೂ ಎಲ್ಲದರಂತೆಯೇ ಮೇವು ಹಾಕುತ್ತಿದ್ದೆ. ಅದು ಏನು ಮಾಡಿತ್ತು, ಪಾಪ?

ಹನಿ ಬಿದ್ದವರ ಬಗ್ಗೆ ಏನೇನೋ ಆಡಿದವರು ಈಗ ಏನೂ ಆಗಿಯೇ ಇಲ್ಲವೆಂಬಂತೆ ಮಾತಾಡಿಸುತ್ತಾರೆ. ಮಾಬೂಬಿ ಹೊಸ ಮರಿ ಬಿಟ್ಟಿದ್ದಾಳೆ. ಕೌದಿಯ ತುಂಡುಗಳನ್ನು ತಂದು ಮೆಟ್ಟಿಲ ಮೇಲೆ ಕೂತು ಹೊಲಿಯುತ್ತ ಅದರ ಜೊತೆ ಮಾತಾಡುತ್ತಾಳೆ. ಅದಿನ್ನೂ ಅವಳ ಕಡೆ ತಿರುಗುವುದಿಲ್ಲ. ಅವತ್ತು ತಾನು ಬಾಯಿ ಮುಚ್ಚಿಕೊಂಡಿದ್ದರೆ ಹಳೆಯ ಮೀನು ಬರುತ್ತಿರಲಿಲ್ಲ ಅಲ್ಲವೇ ಎಂದು ಒಂದು ಸಲ ಕೇಳಿದಳು. ನಾನು ಅವಳ ಪಕ್ಕ ಕೂತು ಮರಿಗೆ ತೌಡು ಹಾಕಿದೆ.

ವೈಶಾಖದಲ್ಲಿ ಭೀಮರಾಯ ನಡಾವಳಿ ಪುಸ್ತಕ ಹಿಡಿದುಕೊಂಡು ನನ್ನ ಸಹಿಗೆ ಬಂದ. ಅದರಲ್ಲಿ ಹೀಗಿತ್ತು: 'ಅಧ್ಯಕ್ಷರು ಸಕಾಲದಲ್ಲಿ ಕೈಗೊಂಡ ದಿಟ್ಟ ಕ್ರಮದಿಂದಾಗಿ ಕೊಳದ ಮೀನುಗಳ ರೋಗವು ಸಂಪೂರ್ಣ ಹತೋಟಿಗೆ ಬಂದಿರುತ್ತದೆ.' ಎರಡು ಸಲ ಓದಿದೆ.

"ಸಹಿ ಅಷ್ಟ ಹೊಳೆವ್ವ" ಎಂದ ಅವನು, ನನ್ನ ಮುಖ ನೋಡದೆ.

ಪೆನ್ನು ತೆಗೆದುಕೊಂಡೆ. ಆ ಸಾಲಿನ ಕೆಳಗೆ ಬರೆಯತೊಡಗಿದೆ. ಮೊದಲು ಮಾಬೂಬಿಯ ಹೆಸರು. ಆಮೇಲೆ ಆ ಬಾಣಂತಿಯದು, ಮುದುಕರವು, ಮೆಟ್ಟಿಲಿಗೆ ಬಂದು ಕರೆದ ಒಬ್ಬೊಬ್ಬರದು. ಕೊನೆಗೆ ಶಿವಪುತ್ರ ಮಾಸ್ತರರದು. ಇಪ್ಪತ್ಮೂರು ಹೆಸರು. ಪ್ರತಿ ಹೆಸರಿನ ಮುಂದೆ, ಇವರ ಮೀನು ರೋಗದಿಂದ ಸತ್ತದ್ದಲ್ಲ ಎಂದು ಬರೆದೆ. ಪುಟ ಸಾಲಲಿಲ್ಲ, ತಿರುವಿ ಬರೆದೆ. ಎಲ್ಲದರ ಕೆಳಗೆ ಸಹಿ ಹಾಕಿದೆ.

ಭೀಮರಾಯ ಹೆಸರುಗಳ ಮೇಲೆ ಬೆರಳಾಡಿಸುತ್ತ ಕೊನೆಯ ತನಕ ಓದಿದ. ಅವನಿಗೆ ಮೀನು ಇದೆ, ಚೆನ್ನಾಗಿದೆ, ದನಿ ಇದೆ.

"ಇದನ್ನ ಪೂರಾ ಸಭಾದಾಗ ಓದಬೇಕಾಗ್ತೈತಿ. ಪುಸ್ತಕದಾಗ ಇದ್ದದ್ದನ್ನ ಬಿಡಾಕ ಬರೂದಿಲ್ಲ" ಎಂದ.

"ಓದ್ರಿ" ಎಂದೆ. "ಗಟ್ಟಿಯಾಗಿ ಓದ್ರಿ."